ಕಲ್ಲುಗುಂಡಿಗೆ ತಲುಪದ ಹೇಳಿಕೆ

ಪುನರ್ಪುಳಿ ಶರಬತ್ತು ನನಗೆ ಈಗ ಆಗುವುದಿಲ್ಲ. ಹೊಟ್ಟೆಗೆ ಅಲ್ಲ, ಮೂಗಿಗೆ. ಮೊನ್ನೆ ಕೆದಂಬಾಡಿಯಲ್ಲಿ ಒಬ್ಬರ ಪಂಪು ಬಿಚ್ಚಿ ಕೂತಿದ್ದಾಗ ಮನೆಯಾಕೆ ದೊಡ್ಡ ಲೋಟದಲ್ಲಿ ತಂದಿಟ್ಟರು. ಹುಳಿ, ಬೆಲ್ಲ, ಒಂದಿಷ್ಟು ಜೀರಿಗೆ. ಆ ವಾಸನೆ ಬಂದದ್ದೇ ತಡ, ಅಣ್ಣನ ಮಗಳ ಮದುವೆಯಾದ ಆ ಬೇಸಿಗೆ ಬಂದು ಎದುರಲ್ಲಿ ಕೂತಿತು. “ಬೇಡ, ನೀರು ಸಾಕು” ಎಂದೆ. “ಎಂತ ಮಾರಾಯ್ರೆ, ಶುಗರ್ ಉಂಟಾ ನಿಮಗೆ?” ಎಂದು ಕೇಳಿದರು. ಉಂಟು ಎಂದೆ. ಅಷ್ಟುದ್ದದ ಕಥೆ ಹೇಳುವುದಕ್ಕಿಂತ ಇಲ್ಲದ ಸಕ್ಕರೆ ಕಾಯಿಲೆ ಒಪ್ಪಿಕೊಳ್ಳುವುದೇ ಸುಲಭ.

ನನ್ನ ಹೆಸರು ಪ್ರಸಾದ. ಪುತ್ತೂರಿನಲ್ಲಿ ನನ್ನದೊಂದು ಮೋಟಾರು ರಿಪೇರಿ ಅಂಗಡಿ. ಸುಟ್ಟುಹೋದ ಮೋಟಾರು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ಓಡಿಸಿ ಕೊಡುತ್ತೇನೆ. ಆ ಕೆಲಸಕ್ಕೆ ಕೂತರೆ ನನಗೆ ಹಸಿವಿಲ್ಲ, ಬಾಯಾರಿಕೆಯಿಲ್ಲ, ಹೆಂಡತಿಯ ಫೋನು ಕಿವಿಗೆ ಬೀಳುವುದಿಲ್ಲ. ಅದೊಂದು ಬಿಟ್ಟು ಉಳಿದದ್ದೆಲ್ಲ ಸೋರಿಹೋಗುತ್ತದೆ. ಸ್ಪ್ಯಾನರ್ ತರಲು ಒಳಗೆ ಹೋಗಿ, ಯಾಕೆ ಬಂದೆ ಎಂದು ಗೋಡೆ ನೋಡುತ್ತಾ ನಿಲ್ಲುವವನು ನಾನು. ಊರಿನಲ್ಲಿ ನನಗೆ ‘ಒಟ್ಟೆ ಬಾಲ್ದಿ’ ಎಂದು ಹೆಸರಿತ್ತು. ತೂತು ಬಿದ್ದ ಬಕೆಟು ಎಂದರ್ಥ. ಶಾಲೆಯಲ್ಲಿ ಮಾಷ್ಟ್ರು ಇಟ್ಟ ಹೆಸರು ಅದು. ಅಪ್ಪ ಅದನ್ನು ಮನೆಗೆ ತಂದರು, ಅಣ್ಣ ಅದನ್ನು ಜೋಪಾನವಾಗಿ ಉಳಿಸಿಕೊಂಡ. ಅಪ್ಪನ ಕೈಯಲ್ಲಿ ತಿಂದ ಪೆಟ್ಟು ಮಾತ್ರ ಒಂದೂ ಸೋರಲಿಲ್ಲ, ನೋಡಿ. ಅದೆಲ್ಲ ಭದ್ರವಾಗಿ ಉಂಟು.

ಹೊಡೆಯದೆ ಇದ್ದವಳು ಅಕ್ಕ ಒಬ್ಬಳೇ. ಅಮ್ಮನ ಮುಖ ನನಗೆ ನೆನಪಿಲ್ಲ, ಸಾಕಿದ್ದು ಸುಮತಿಯಕ್ಕನೇ. ಅಂಗಡಿಗೆ ಕಳಿಸುವಾಗ “ಉಪ್ಪು, ಮೆಣಸು, ಬೆಂಕಿಪೊಟ್ಟಣ” ಎಂದು ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದಳು. ನಾನು ಜಪ ಮಾಡುತ್ತಾ ಹೊರಡುತ್ತಿದ್ದೆ. ದಾರಿಯಲ್ಲಿ ಒಂದು ನಾಯಿ ಅಡ್ಡ ಬಂದರೆ ಮುಗಿಯಿತು, ಉಪ್ಪೂ ಇಲ್ಲ, ಮೆಣಸೂ ಇಲ್ಲ. ಬರಿಗೈಯಲ್ಲಿ ವಾಪಸು ಬಂದರೆ ಅಕ್ಕ ನಗುತ್ತಿದ್ದಳು, ಮತ್ತೊಮ್ಮೆ ಬಾಯಿಪಾಠ ಮಾಡಿಸುತ್ತಿದ್ದಳು. ಅಪ್ಪನಿಗೆ ಗೊತ್ತಾಗದ ಹಾಗೆ ಎಷ್ಟೋ ಸಲ ತಾನೇ ಓಡಿಹೋಗಿ ತಂದದ್ದುಂಟು.

ಅಂಥ ಅಕ್ಕ ಬೇರೆ ಜಾತಿಯವರೊಬ್ಬರನ್ನು ಮದುವೆಯಾಗಿ ಕಲ್ಲುಗುಂಡಿಗೆ ಹೋದಳು. ಭಾವನಿಗೆ ಅಲ್ಲಿ ಮಡಿಕೇರಿ ರಸ್ತೆಯ ಬದಿಯಲ್ಲಿ ಪಂಕ್ಚರ್ ಅಂಗಡಿ. ಮೊದಲಿಗೆ ದೊಡ್ಡ ರಂಪವಾಯಿತು. ಅಪ್ಪ ತೀರಿಕೊಂಡ ಮೇಲೆ ಹೋಗಿ ಬರುವುದು ಸುರುವಾಯಿತು. ವರ್ಷಕ್ಕೊಮ್ಮೆ ಮನೆಯ ದೈವಗಳಿಗೆ ಕೊಡುವ ತಂಬಿಲಕ್ಕೆ ಅಕ್ಕ ಬರುತ್ತಿದ್ದಳು, ಅಂಗಳದಲ್ಲಿ ಕೂತು ಉಂಡು ಹೋಗುತ್ತಿದ್ದಳು. ಅಣ್ಣ ಮಾತಾಡಿಸುತ್ತಿದ್ದ. ಗಾಯ ವಾಸಿಯಾಯಿತು ಅಂತಲೇ ನಾವು ತಿಳಿದದ್ದು.

ಎಲ್ಲಿದ್ದೆ? ಹಾಂ, ಮದುವೆ. ಅಣ್ಣ ಜಯರಾಮನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ, ನಾಲ್ಕು ಜನರ ಎದುರು ಕೂರುವ ಸ್ಥಾನ. ಅವನ ಮಗಳು ಶ್ರಾವ್ಯಳಿಗೆ ಸುಳ್ಯದ ಕಡೆಯ ದೊಡ್ಡ ಮನೆತನದ ಸಂಬಂಧ ಕೂಡಿಬಂತು. ಪಗ್ಗು ತಿಂಗಳ ಬಿಸಿಲು, ಏಪ್ರಿಲ್ ಕೊನೆ. ತೋಡುಗಳೆಲ್ಲ ಒಣಗಿ ಬಾವಿಯ ತಳ ಕಾಣುವ ಹೊತ್ತು. ನನ್ನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳು ಬಾಗಿಲಿನವರೆಗೆ ಸಾಲುಗಟ್ಟಿದ್ದವು. ಆಗಲೇ ಹೇಳಿಕೆಗೆ ಹೋಗುವ ಕೆಲಸವೂ ಬಂತು.

ನಮ್ಮ ಕಡೆ ಹೇಳಿಕೆ ಎಂದರೆ ತಮಾಷೆಯಲ್ಲ. ಮನೆಗೆ ಹೋಗಿ, ಕೂತು, ಕೊಟ್ಟ ಬೆಲ್ಲ ನೀರು ಕುಡಿದು, “ಇಂಥ ದಿನ ಮದುವೆ, ಎಲ್ಲರೂ ಬರಬೇಕು” ಎಂದು ಬಾಯಿಬಿಟ್ಟು ಹೇಳಬೇಕು. ಫೋನಿನಲ್ಲಿ ಹೇಳಿದರೆ “ಅದೂ ಒಂದು ಹೇಳಿಕೆಯಾ?” ಎಂದು ಮೂಗು ಮುರಿಯುತ್ತಾರೆ. ಹೊರಗಿನವರಿಗೆ ಮದುವೆಯ ಕಾಗದ ಕೊಟ್ಟರಾಯಿತು. ರಕ್ತಸಂಬಂಧಕ್ಕೆ ಬಾಯಿಮಾತೇ ಆಗಬೇಕು, ಕಾಗದ ಕೊಟ್ಟರೆ ನಮ್ಮನ್ನು ಹೊರಗಿನವರು ಮಾಡಿದಿರಾ ಎನ್ನುತ್ತಾರೆ. ಹೇಳಿಕೆ ಬಾರದ ಮನೆಯವರು ಸತ್ತರೂ ಬರುವುದಿಲ್ಲ. ಒಂದು ಮನೆ ಬಿಟ್ಟುಹೋದರೆ ಮಕ್ಕಳ ಕಾಲಕ್ಕೂ ಮಾತು ನಿಂತದ್ದು ನಮ್ಮ ಊರಲ್ಲಿ ಬೇಕಾದಷ್ಟು ಉಂಟು.

ಅಂಥ ಕೆಲಸಕ್ಕೆ ಒಟ್ಟೆ ಬಾಲ್ದಿಯನ್ನು ಯಾಕೆ ಕಳಿಸಿದರು ಎಂದು ನೀವು ಕೇಳಬಹುದು. ಸ್ಕೂಟರು ಇದ್ದದ್ದು ನನ್ನ ಹತ್ತಿರ, ಬಿಸಿಲಿಗೆ ಹೆದರದವನೂ ನಾನೇ. ಪೆರಾಬೆ, ಕಡಬದ ಕಡೆಯ ಮನೆಗಳನ್ನು ಅಣ್ಣ ನನಗೆ ವಹಿಸಿದ. ಹೆಸರು ಬರೆದ ಕಾಗದಗಳ ಕಟ್ಟು ಕೈಯಲ್ಲಿ ಇರುವುದರಿಂದ ಮರೆಯುವ ಭಯವಿರಲಿಲ್ಲ, ಕಟ್ಟು ಮುಗಿದರೆ ಕೆಲಸ ಮುಗಿಯಿತು. ಅಕ್ಕನ ಮನೆ ಅದರಲ್ಲಿ ಇರಲಿಲ್ಲ. ಇರುವುದೂ ಇಲ್ಲ. ಸ್ವಂತ ತಂಗಿಯ ಮನೆಗೆ ಅಣ್ಣ ಅತ್ತಿಗೆ ಜೋಡಿಯಾಗಿ ಹೋಗುವುದು ಕ್ರಮ. ಅವರು ಹೋಗಿ ಬರುತ್ತಾರೆ ಎಂದೇ ನಾನು ಇದ್ದೆ.

ಪ್ರತಿ ಮನೆಯಲ್ಲೂ ಪುನರ್ಪುಳಿ ಶರಬತ್ತು. ಬೇಡ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ, ಕುಡಿದರೆ ಹೊಟ್ಟೆ ಕಡಲಾಗುತ್ತದೆ. ಪೆರಾಬೆಯಲ್ಲಿ ಹಮೀದಾಕನ ಮನೆಗೆ ಹೋದೆ. ಹಳೆಯ ಗಿರಾಕಿ, ಬಹಳ ವರ್ಷ ದುಬಾಯಿಯಲ್ಲಿದ್ದು ಬಂದವರು. ಜಗಲಿಯಲ್ಲಿ ಕೂತು ಕಾಗದ ತೆಗೆಯುತ್ತಿದ್ದೆ, ಆಗ ಹಿತ್ತಿಲಿನಿಂದ ಪಂಪಿನ ಸದ್ದು ಕೇಳಿತು. ಬೇರಿಂಗು ಅಳುತ್ತಿತ್ತು. ನನಗೆ ಅಷ್ಟು ಸಾಕು. ಬಿಳಿ ಪಂಚೆ ಎತ್ತಿ ಕಟ್ಟಿ ಪಂಪಿನ ಎದುರು ಕೂತವನು ಏಳುವಾಗ ಸೂರ್ಯ ಇಳಿದಿದ್ದ. ಪಂಚೆಯೆಲ್ಲ ಗ್ರೀಸು. ಸ್ಕೂಟರು ಸ್ಟಾರ್ಟ್ ಮಾಡುವಾಗ ಹಮೀದಾಕ ಓಡಿ ಬಂದರು.

“ಅಲ್ಲ ಪ್ರಸಾದಣ್ಣ, ಪಂಪು ಸರಿ ಆಯ್ತು, ಸಂತೋಷ. ನೀವು ಎಂತಕ್ಕೆ ಬಂದದ್ದು ಅಂತ ಹೇಳ್ಲೇ ಇಲ್ಲ ಮಾರಾಯ್ರೆ!”

ಆ ಸಂಗತಿ ಮಾರನೆಯ ದಿನಕ್ಕೆ ಪುತ್ತೂರು ಪೇಟೆಯೆಲ್ಲ ಹಬ್ಬಿತು. ಅಣ್ಣ ತನ್ನ ಅಂಗಡಿಗೆ ಬಂದವರಿಗೆಲ್ಲ ಅದನ್ನು ಅಭಿನಯಿಸಿ ತೋರಿಸಿದ. ನಾನೂ ನಕ್ಕೆ, ಮತ್ತೆಂತ ಮಾಡುವುದು?

ಮದುವೆಯ ದಿನ ಧಾರೆಯ ಹೊತ್ತಿಗೆ ಸರಿಯಾಗಿ ಗಂಡಿನ ಕಡೆಯ ಒಬ್ಬ ಅಜ್ಜಿ ಕೇಳಿದರು: “ಹುಡುಗಿಯ ಸೋದರತ್ತೆ ಯಾರು? ಮುಂದೆ ಬರ್ಲಿ.” ನಾನು ಅಕ್ಕನಿಗಾಗಿ ಆಚೆ ಈಚೆ ನೋಡಿದೆ. ಮದುವೆ ಹಾಲಿನಲ್ಲಿ ಅಕ್ಕ ಇಲ್ಲ, ಭಾವ ಇಲ್ಲ. ಅಣ್ಣ ನನ್ನ ಕಡೆ ತಿರುಗಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಪ್ರಸಾದ, ಕಲ್ಲುಗುಂಡಿಗೆ ಹೋಗಿದ್ದೆಯಲ್ಲ? ನಮಗೆ ಪುರುಸೊತ್ತು ಆಗುದಿಲ್ಲ, ನೀನೇ ಹೇಳಿ ಬಾ ಅಂತ ನಿನಗೆ ಹೇಳಿದ್ದೆನಲ್ಲ?”

ಹೇಳಿದ್ದನೇ? ಯಾವಾಗ? ತಲೆಯೊಳಗೆ ಕೈ ಹಾಕಿ ತಡಕಾಡಿದೆ, ಏನೂ ಸಿಗಲಿಲ್ಲ. ಹೇಳಿಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ, ಯಾಕೆಂದರೆ ನನ್ನ ತಲೆಯಲ್ಲಿ ಏನೂ ಇಲ್ಲದಿರುವುದು ಯಾವತ್ತೂ ಯಾವುದಕ್ಕೂ ಸಾಕ್ಷಿಯಾಗಿಲ್ಲ. “ಪೆರಾಬೆಯಲ್ಲಿ ಪಂಪಿನ ಒಳಗೆ ಇದ್ದ ದಿನ ಆಗಿರ್ಬೇಕು” ಎಂದು ಯಾರೋ ಅಂದರು. ಜನ ನಕ್ಕರು. ಮದುಮಗಳ ಉಡುಗೆಯಲ್ಲಿ ಕೂತಿದ್ದ ಶ್ರಾವ್ಯ ಮಾತ್ರ ನಗಲಿಲ್ಲ, ಅಳು ನುಂಗಿಕೊಂಡಳು. ಸೋದರತ್ತೆಯ ಜಾಗದಲ್ಲಿ ಅತ್ತಿಗೆಯ ಚಿಕ್ಕಮ್ಮನ ಮಗಳು ಬಂದು ನಿಂತಳು. ನನಗೆ ಅಲ್ಲೇ ಸತ್ತುಹೋಗಬೇಕು ಅನಿಸಿತು. ಉಪ್ಪು ಮರೆಯಬಹುದು, ಮೆಣಸು ಮರೆಯಬಹುದು. ಅಕ್ಕನನ್ನೇ ಮರೆತೆನೇ?

ಮದುವೆಯ ಗಲಾಟೆ ಮುಗಿದ ಕೂಡಲೇ ಕಲ್ಲುಗುಂಡಿಗೆ ಹೋದೆ. ಭಾವ ಟಯರು ಬಿಚ್ಚುತ್ತಿದ್ದವರು ತಲೆ ಎತ್ತಲಿಲ್ಲ. ಅಕ್ಕ ಬಾಗಿಲಿಗೆ ಬಂದಳು.

“ಬನ್ನಿ, ಕೂತ್ಕೊಳ್ಳಿ” ಎಂದಳು.

ಬನ್ನಿ. ಹುಟ್ಟಿದಾಗಿನಿಂದ ನನ್ನನ್ನು ಬಾ, ಕೂತ್ಕೋ ಎಂದವಳು. ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದು ಮುಂದಿಟ್ಟಳು, ಅಪರಿಚಿತರಿಗೆ ಇಡುವ ಹಾಗೆ. ನನ್ನಿಂದ ತಪ್ಪಾಯಿತು, ಅಣ್ಣ ಹೇಳಿದ್ದನಂತೆ, ನಾನು ಮರೆತೆ ಎಂದೆಲ್ಲ ಅತ್ತುಕೊಂಡು ಹೇಳಿದೆ. ಅವಳು ಕಂಬ ಹಿಡಿದು ಕೇಳುತ್ತಾ ನಿಂತಳು.

“ನಾಯಿ ಅಡ್ಡ ಬಂತಾ ದಾರಿಯಲ್ಲಿ?” ಎಂದಳು ಕೊನೆಗೆ. ಅಷ್ಟೇ. ಚೊಂಬು ಎತ್ತಿಕೊಂಡು ಒಳಗೆ ಹೋದಳು.

ಆ ಮೇಲೆ ನಾನು ನಾನಾಗಿರಲಿಲ್ಲ. ಮಳೆ ಹಿಡಿಯಿತು, ಪಂಪುಗಳಿಗೆ ರಜೆ ಸಿಕ್ಕಿತು, ಅಂಗಡಿಯಲ್ಲಿ ಸುಮ್ಮನೆ ಕೂತು ತಲೆಗೆ ಬಡಿದುಕೊಳ್ಳುತ್ತಿದ್ದೆ. ನನ್ನ ಹೆಂಡತಿ ಮಾಲಿನಿ ಕಡಬದ ಕಡೆ ಶಾಲೆಯಲ್ಲಿ ಟೀಚರು. ಹೇಳಿಕೆಯ ದಿನಗಳಲ್ಲಿ ಅವಳು ಪೇಪರು ತಿದ್ದಲಿಕ್ಕೆಂದು ಮಂಗಳೂರಿನಲ್ಲಿದ್ದಳು. ತನ್ನ ಕ್ಲಾಸಿನ ಒಬ್ಬ ಹುಡುಗನ ಬಗ್ಗೆ ಯಾರೋ ತಜ್ಞರು ವಿವರಿಸಿದ್ದನ್ನು ಕೇಳಿ ಬಂದವಳು, “ಅವರು ಆ ಹುಡುಗನ ವಿಷಯ ಹೇಳಿದ್ದಲ್ಲ ಮಾರಾಯ್ರೆ, ನಿಮ್ಮ ಜಾತಕ ಓದಿದ್ದು” ಎಂದಳು. ಆಟಿ ತಿಂಗಳಲ್ಲಿ ಶುಭಕಾರ್ಯ ಒಂದೂ ಇಲ್ಲವಲ್ಲ, ನನ್ನನ್ನು ಮಂಗಳೂರಿಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ನನಗಿಂತ ಚಿಕ್ಕವರು. ಅಂಕಿ ಹೇಳಿದರು, ಹಿಂದಿನಿಂದ ಮುಂದಕ್ಕೆ ಹೇಳಿ ಎಂದರು. ಎರಡು ಮೂರು ಹೇಳಿದೆ. ಮತ್ತೊಂದು ಅಂಕಿ ಸೇರಿದ ಕೂಡಲೇ ಕಿಟಕಿಯ ಹೊರಗೆ ಜನರೇಟರಿನ ಸದ್ದು ಕೇಳಿ ಎಲ್ಲ ಹಾರಿಹೋಯಿತು. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಬರುತ್ತಿತ್ತು, ಈಗ ಬಂದದ್ದು ಅದಕ್ಕಿಂತ ಎರಡು ಹಿಂದಿನದ್ದೇ ಆಗಿದ್ದರೆ ಗುಂಡಿ ಒತ್ತಬೇಕು. ಒತ್ತಿದೆ, ಒತ್ತಿದೆ, ಬೆವರಿದೆ. ಸಣ್ಣಂದಿನಿಂದ ನಡೆದದ್ದನ್ನೆಲ್ಲ ಕೇಳಿದರು, ಮಾಲಿನಿಯನ್ನೂ ಕೇಳಿದರು. ಅವಳು ಖುಷಿಯಿಂದ ಹೇಳಿದಳು. ಕೊನೆಗೆ ಎಡಿಎಚ್‌ಡಿ ಎಂದರು.

“ಅದು ಮಕ್ಕಳಿಗೆ ಬರುದಲ್ವಾ?” ಎಂದೆ.

“ಮಕ್ಕಳು ದೊಡ್ಡವರಾಗ್ತಾರಲ್ಲ” ಎಂದರು. ಆಮೇಲೆ ಬಿಡಿಸಿ ಹೇಳಿದರು. ನೆನಪು ಒಂದೇ ಥರದ್ದಲ್ಲ. ಈಗ ಕೇಳಿದ್ದನ್ನು ಕೆಲಸ ಮುಗಿಯುವ ತನಕ ಕೈಯಲ್ಲಿ ಹಿಡಿದುಕೊಳ್ಳುವ ನೆನಪು ಬೇರೆ, ಒಳಗೆ ತುಂಬಿಸಿ ಇಡುವ ನೆನಪು ಬೇರೆ. ಮೊದಲನೆಯದು ನಡೆಯಬೇಕಾದರೆ ಮಿದುಳಿನ ಮುಂಭಾಗ ಗಟ್ಟಿಯಾಗಿ ಕೆಲಸ ಮಾಡಬೇಕು, ಅಲೆದಾಡುವ ಯೋಚನೆಗೆ ಕಾರಣವಾದ ಇನ್ನೊಂದು ಜಾಲ ಆ ಹೊತ್ತಿಗೆ ಸುಮ್ಮನಿರಬೇಕು. ನನ್ನಂಥ ಹಲವರಲ್ಲಿ ಅದು ಸುಮ್ಮನಿರುವುದಿಲ್ಲವಂತೆ. ಎಲ್ಲರಲ್ಲೂ ಒಂದೇ ರೀತಿ ಅಲ್ಲ ಎಂದೂ ಸೇರಿಸಿದರು. ನನಗೆ ನನ್ನ ಭಾಷೆಯಲ್ಲಿ ಅರ್ಥವಾಯಿತು. ಪಂಪು ಒಳ್ಳೆಯದೇ, ಬಾವಿಯಲ್ಲಿ ನೀರೂ ಉಂಟು, ಪೈಪಿನ ಬುಡದ ಫುಟ್‌ವಾಲ್ವ್ ನೀರು ಹಿಡಿದು ನಿಲ್ಲಿಸುವುದಿಲ್ಲ. ಪೈಪಿಗೆ ಬಂದದ್ದು ಮತ್ತೆ ಬಾವಿಗೇ. ಇಷ್ಟು ವರ್ಷ ನಾನು ಸೋಮಾರಿ, ಬೇಜವಾಬ್ದಾರಿ, ಕೊಬ್ಬಿದವನು ಎಂದು ಹೊಡೆದರಲ್ಲ, ಅವರ ಕೈ ಸೇದಿಹೋಗಲಿ!

ಆಮೇಲೆ ನನಗೆ ಬೇಕಾದ ಪ್ರಶ್ನೆ ಕೇಳಿದೆ. “ತಲೆಯ ಸ್ಕ್ಯಾನು ಮಾಡಿ ನೋಡ್ಲಿಕ್ಕಾಗ್ತದಾ ಡಾಕ್ಟ್ರೇ, ನನ್ನ ಅಣ್ಣ ಒಂದು ಮಾತು ಹೇಳಿದ್ದಾ ಇಲ್ವಾ ಅಂತ?”

ಅವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ಇದನ್ನು ಗುರುತಿಸ್ಲಿಕ್ಕೇ ಸ್ಕ್ಯಾನು ಬಳಸುದಿಲ್ಲ. ಇನ್ನು ನೀವು ಕೇಳಿ ಮರೆತದ್ದಾ, ಕೇಳಿಯೇ ಇಲ್ವಾ, ಅದನ್ನು ಹೇಳುವ ಮಿಷನ್ ಇಲ್ಲ. ಯಾವ ಹೊತ್ತಿಗೆ, ಎಲ್ಲಿದ್ದಾಗ ತಪ್ಪಿಹೋಗ್ತದೆ ಅಂತ ಗಮನಿಸ್ತಾ ಬನ್ನಿ” ಎಂದು ಮಾತ್ರೆ ಬರೆದರು.

ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮಾರನೆಯ ದಿನವೇ ಅಣ್ಣನ ಅಂಗಡಿಗೆ ಹೋಗಿ, ಗಿರಾಕಿ ಇಲ್ಲದ ಹೊತ್ತು ನೋಡಿ, ಎಲ್ಲ ಹೇಳಿದೆ. ನಾನು ಜಗಳಕ್ಕೆ ಹೋದದ್ದಲ್ಲ, ದೇವರಾಣೆ. ನನಗೆ ಬೇಕಾದದ್ದು ಔಷಧಿಯ ಲೆಕ್ಕಕ್ಕೆ ಒಂದು ಉತ್ತರ.

“ಕಲ್ಲುಗುಂಡಿಗೆ ಹೋಗ್ಲಿಕ್ಕೆ ನೀನು ನನಗೆ ಎಲ್ಲಿ ಹೇಳಿದ್ದು ಅಣ್ಣ? ಆಗ ನಾನು ಎಂತ ಮಾಡ್ತಾ ಇದ್ದೆ?”

“ಮನೆಯಲ್ಲಿ. ಅಂಗಳದಲ್ಲಿ.”

“ಚಪ್ಪರ ಹಾಕುವಾಗಲಾ?”

“ಹಾಂ, ಆಗ.”

“ಚಪ್ಪರ ಹಾಕುವಾಗ ನಾನು ಇರ್ಲಿಲ್ಲ ಅಣ್ಣ. ಕೆದಂಬಾಡಿಯಲ್ಲಿ ಬಾವಿಯ ಮೋಟಾರು ಎತ್ತುದಿತ್ತು, ಬರ್ಲಿಲ್ಲ ಅಂತ ನೀನೇ ಬೈದಿದ್ದೆ.”

“ಹಾಗಾದ್ರೆ ಫೋನಲ್ಲಿ ಹೇಳಿದ್ದಿರ್ಬೇಕು.”

“ಫೋನಲ್ಲಾ? ಅಲ್ಲಿ ಸಿಗ್ನಲ್ ಇಲ್ಲ. ಸರಿಯಾಗಿ ನೆನಪು ಮಾಡು ಅಣ್ಣ, ಇದು ಮುಖ್ಯ.”

ನೆನಪು ಮಾಡು ಎಂದು ನಾನು ಒಬ್ಬರಿಗೆ ಹೇಳಿದ್ದು ಅದೇ ಮೊದಲು. ಅಣ್ಣನ ಮುಖ ಕೆಂಪಾಯಿತು. ಕೈಯಲ್ಲಿದ್ದ ಮೊಳೆಗಳನ್ನು ತಕ್ಕಡಿಗೆ ಬಿಸಾಡಿದ.

“ಹೇಳಿರ್ಲಿಲ್ಲ. ಸಾಕಾ? ಹೇಳಿರ್ಲೇ ಇಲ್ಲ ಮಾರಾಯ! ಅಷ್ಟು ದೊಡ್ಡ ಮನೆಯವರ ಎದುರು ಅವಳ ಗಂಡನನ್ನು ಯಾರು ಅಂತ ಪರಿಚಯ ಮಾಡುದು ನಾನು? ಅವರು ಜಾತಿ ಕೇಳಿದ್ರೆ? ನಾನು ಕರೆಯದಿದ್ರೆ ನಾನು ಕೆಟ್ಟವ ಆಗ್ತೇನೆ. ನೀನು ಮರೆತ್ರೆ ಯಾರೂ ಕೆಟ್ಟವರಲ್ಲ. ನಿನಗೆಂತ, ಹೋಗುವ ಮಾನ ಉಂಟಾ?”

ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ್ದು ಎಂದರೆ ಇದೇ. ನಾನು ಅವನ ಕೊರಳಪಟ್ಟಿ ಹಿಡಿಯಬೇಕಿತ್ತು. ಆದರೆ ನನಗೆ ಸಿಟ್ಟು ಬರಲಿಲ್ಲ, ನಂಬಿದರೆ ನಂಬಿ. ಎದೆ ಹಗುರಾಗಿ ಕುಣಿಯಬೇಕು ಅನಿಸಿತು. ನಾನು ಮರೆತಿರಲಿಲ್ಲ! ಅಕ್ಕನನ್ನು ನಾನು ಮರೆತಿರಲಿಲ್ಲ! ಅಣ್ಣ “ಹೋಗಿ ಹೇಳು ಬೇಕಾದ್ರೆ, ನಿನ್ನ ಮಾತು ಯಾರು ನಂಬ್ತಾರೆ?” ಎಂದು ಹಿಂದಿನಿಂದ ಕೂಗಿದ್ದು ಕೇಳಿತು. ಅದಕ್ಕೂ ಕಿವಿಗೊಡದೆ, ರೈನ್‌ಕೋಟು ಹಾಕಲಿಕ್ಕೂ ನಿಲ್ಲದೆ, ಸುಳ್ಯ ದಾಟಿ ಆ ಜಡಿಮಳೆಯಲ್ಲಿ ಕಲ್ಲುಗುಂಡಿಗೆ ಬಿಟ್ಟೆ. ದಾರಿಯುದ್ದಕ್ಕೂ ಅಣ್ಣ ಅಂದದ್ದನ್ನೇ ಜಪ ಮಾಡಿದೆ, ಒಂದಕ್ಷರ ಸೋರಬಾರದು ಎಂದು. ಒಂದೂ ಸೋರಲಿಲ್ಲ.

ಅಕ್ಕ ನನ್ನನ್ನು ನೋಡಿ ಹೆದರಿದಳು, ಯಾರೋ ತೀರಿಹೋದರು ಎಂದುಕೊಂಡಳು. ಟವೆಲು ಕೊಟ್ಟಳು. ಜಗಲಿಯಲ್ಲಿ ನೀರು ಸುರಿಸುತ್ತಾ ನಿಂತು ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದು, ಅಣ್ಣ ಹೇಳಿದ್ದು, ಜಾತಿಯ ಮಾತು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಅವಳು ನಗುವುದನ್ನು ಕಾದೆ.

ಅವಳು ನಗಲಿಲ್ಲ. ರಸ್ತೆಯಾಚೆ ಅಂಗಡಿಯಲ್ಲಿದ್ದ ಭಾವನ ಕಡೆಗೊಮ್ಮೆ ನೋಡಿ, ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

“ಅವರಿಗೆ ಕೇಳ್ಬಾರ್ದು” ಎಂದಳು. “ನನಗೆ ಅವತ್ತೇ ಗೊತ್ತಿತ್ತು ಪ್ರಸಾದ. ನೀನು ನನ್ನನ್ನು ಮರೆಯುವವನಾ?”

“ಮತ್ತೆ ಯಾಕೆ ನನ್ನನ್ನು ಬನ್ನಿ ಕೂತ್ಕೊಳ್ಳಿ ಅಂದದ್ದು?”

“ಮತ್ತೆಂತ ಮಾಡುದು? ನೀನು ಮರೆತದ್ದು ಅಂತಾದ್ರೆ ನಾನು ನಿನ್ನ ಹತ್ರ ಸಿಟ್ಟು ಮಾಡ್ಬಹುದು, ಮುಂದಿನ ಸಲ ಕರೆದ್ರೆ ಅಲ್ಲಿಗೆ ಹೋಗ್ಬಹುದು. ಅಣ್ಣ ಬೇಕೂಂತ ಬಿಟ್ಟದ್ದು ಅಂತಾದ್ರೆ ಯಾವ ಮುಖ ಹೊತ್ತು ಹೋಗುದು? ಇವರು ನನ್ನನ್ನು ಹೋಗ್ಲಿಕ್ಕೆ ಬಿಡ್ತಾರಾ? ನನಗೆ ಇರುದು ಅದೊಂದೇ ತವರು.” ಅವಳು ನನ್ನ ಒದ್ದೆ ತಲೆಯನ್ನು ತಾನೇ ಒರೆಸತೊಡಗಿದಳು, ಸಣ್ಣಂದಿನ ಹಾಗೆ. “ನೀನು ಮರೆತದ್ದು ಅಂತಲೇ ಇರ್ಲಿ, ಆಯ್ತಾ?”

“ಮತ್ತೆ ನಾನು, ಅಕ್ಕ?”

“ನಿನಗೆ ಅಭ್ಯಾಸ ಉಂಟಲ್ಲ” ಎಂದಳು.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅವಳು. ಪ್ರೀತಿಯಿಂದಲೇ ಹೇಳಿದಳು. ಅಪ್ಪನ ಪೆಟ್ಟಿಗೆ ಅತ್ತದ್ದು ನೆನಪುಂಟು, ಇದಕ್ಕೆ ಅಳು ಬರಲಿಲ್ಲ. ಬಿಸಿ ಬಿಸಿ ಚಾ ಕೊಟ್ಟಳು, ಕುಡಿದೆ. ಮನೆಗೆ ಬಂದು ಮಾಲಿನಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಅಣ್ಣನ ಮನೆಗೆ ಹೊರಟಿದ್ದಳು. ತಡೆದವನು ನಾನೇ. ಜಗಳವಾದರೆ ಕಳೆದುಕೊಳ್ಳುವವಳು ಅಕ್ಕ ಒಬ್ಬಳೇ.

ಮರುವರ್ಷ ಶ್ರಾವ್ಯಳಿಗೆ ಮಗುವಾಯಿತು. ಕಲ್ಲುಗುಂಡಿಯ ಅತ್ತೆ ಬಾರದಿದ್ದರೆ ಮಗುವನ್ನು ತೊಟ್ಟಿಲಿಗೆ ಹಾಕುವುದಿಲ್ಲ ಎಂದು ಅವಳು ಹಟ ಹಿಡಿದಳಂತೆ. ಅಣ್ಣ ಅತ್ತಿಗೆ ಜೋಡಿಯಾಗಿ ಹೋಗಿ ಕರೆದು ಬಂದರು. ಅಕ್ಕ ಬಂದಳು. ಭಾವನೂ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದರು. ಸುಳ್ಯದ ಬೀಗರೂ ಬಂದಿದ್ದರು, ಜಾತಿಯನ್ನು ಯಾರೂ ಕೇಳಲಿಲ್ಲ. ಅಕ್ಕ ಮಗುವನ್ನು ಎತ್ತಿಕೊಂಡು ತೊಟ್ಟಿಲಿನ ಹತ್ತಿರ ನಿಂತಾಗ ಮದುವೆಯಲ್ಲಿ ಸೋದರತ್ತೆಯನ್ನು ಕೇಳಿದ್ದ ಅದೇ ಅಜ್ಜಿ, “ನೀವಾ ಸೋದರತ್ತೆ? ಮದುವೆಯಲ್ಲಿ ಕಾಣ್ಲೇ ಇಲ್ಲ” ಎಂದರು.

ಅಣ್ಣ ಪಾಯಸದ ಲೋಟ ಹಿಡಿದವನು ಹಾಗೇ ನಿಂತ. ಭಾವ ತಲೆ ಎತ್ತಿ ಅಕ್ಕನನ್ನು ನೋಡಿದರು.

“ಅಯ್ಯೋ, ಅದೊಂದು ಕಥೆ ಅಜ್ಜಿ” ಎಂದು ಅಕ್ಕ ದೊಡ್ಡದಾಗಿ ನಕ್ಕಳು. “ನಮ್ಮ ಈ ಪ್ರಸಾದ ಉಂಟಲ್ಲ, ಇವನ ಕೈಯಲ್ಲಿ ನಮಗೆ ಹೇಳಿಕೆ ಕಳಿಸಿದ್ದು. ಇವ ಯಾರದೋ ಪಂಪು ಬಿಚ್ಚಿ ಕೂತ. ಸ್ವಂತ ಅಕ್ಕನನ್ನೇ ಮರೆತ!”

ಎಲ್ಲರೂ ನಕ್ಕರು. ಅಣ್ಣ ಉಳಿದವರಿಗಿಂತ ಜೋರಾಗಿ ನಕ್ಕ. ಭಾವನ ಮುಖವೂ ಸಡಿಲವಾಯಿತು. ನಗು ನಿಂತ ಮೇಲೂ ಅಕ್ಕ ನನ್ನ ಕಡೆಯೇ ನೋಡುತ್ತಿದ್ದಳು.

“ಹೌದು,” ಎಂದೆ ನಾನು, “ಮರೆತೇ ಹೋಗಿತ್ತು.”